ಕಲ್ಟ್ ಚಿತ್ರಗಳ ಪೋಸ್ಟರ್ ಬರೆಯುವುದು: ಮುಖಕ್ಕಿಂತ ಮೊದಲು ಬೆಳಕು

ಪ್ರಶ್ನೆ: ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಈಗ ಭಾವಚಿತ್ರಗಳನ್ನು ಬರೆದುಕೊಡುವ ಕೆಲಸ ಮಾಡುತ್ತಿದ್ದೇನೆ. ಹಳೆಯ ಹಾರರ್ ಮತ್ತು ಸೈನ್ಸ್ ಫಿಕ್ಷನ್ ಕಲ್ಟ್ ಚಿತ್ರಗಳೆಂದರೆ ನನಗೆ ಪ್ರಾಣ. ಜಾನ್ ಕಾರ್ಪೆಂಟರ್ ನಿರ್ದೇಶನದ ‘ದ ಥಿಂಗ್’ ಚಿತ್ರಕ್ಕೆ ಐದು ಪಾತ್ರಗಳ ಮುಖಗಳಿರುವ ಪೋಸ್ಟರ್ ಒಂದನ್ನು ಬರೆದೆ. ಒಂದೊಂದು ಮುಖವನ್ನು ಬಿಡಿಯಾಗಿ ನೋಡಿದವರು ಹೋಲಿಕೆ ಚೆನ್ನಾಗಿ ಬಂದಿದೆ ಎನ್ನುತ್ತಾರೆ. ಒಟ್ಟಾಗಿ ನೋಡಿದರೆ ಮಾತ್ರ ಫೋಟೋಗಳನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ತೊಂದರೆ ಎಲ್ಲಿದೆ? ಇಂಥ ಪೋಸ್ಟರ್‌ಗಳನ್ನು ಮಾರಬಹುದೇ? ಇದನ್ನು ವೃತ್ತಿಯಾಗಿ ಮಾಡಿಕೊಳ್ಳಲು ದಾರಿ ಇದೆಯೇ?

ಉತ್ತರ: ನೀವು ಪ್ರಶ್ನೆಯೊಡನೆ ಕಳುಹಿಸಿದ ಚಿತ್ರವನ್ನು ಗಮನವಿಟ್ಟು ನೋಡಿದ್ದೇನೆ. ನಿಮ್ಮ ಕೈಯಲ್ಲಿ ಹೋಲಿಕೆ ಹಿಡಿಯುವ ಶಕ್ತಿ ಇದೆ, ಅದರ ಬಗ್ಗೆ ಚಿಂತೆ ಬೇಡ. ತೊಂದರೆ ಇರುವುದು ಐದು ಮುಖಗಳ ಮೇಲೆ ಐದು ಬೇರೆ ಬೇರೆ ಬೆಳಕು ಬಿದ್ದಿರುವುದರಲ್ಲಿ. ಎಡಗಡೆಯ ಮುಖಕ್ಕೆ ಬೆಳಕು ಮೇಲಿನಿಂದ ಬಂದಿದೆ. ನಡುವಿನ ಮುಖಕ್ಕೆ ಎದುರಿನಿಂದ, ಬಹುಶಃ ಪ್ರಚಾರಕ್ಕಾಗಿ ತೆಗೆದ ಸ್ಟಿಲ್ ಫೋಟೋದ ಫ್ಲಾಷ್‌ನಿಂದ, ಬಂದಿದೆ. ಬಲಗಡೆಯ ಇಬ್ಬರಲ್ಲಿ ಒಬ್ಬರು ಕಿಟಕಿಯ ಪಕ್ಕದಲ್ಲಿದ್ದರೆ ಇನ್ನೊಬ್ಬರು ಟ್ಯೂಬ್‌ಲೈಟ್ ಕೆಳಗಿದ್ದಾರೆ. ನೀವು ನಟರ ಜೊತೆಗೆ ಆಯಾ ಫೋಟೋದ ಕೋಣೆಯನ್ನೂ ಪೋಸ್ಟರಿಗೆ ತಂದಿದ್ದೀರಿ. ಪೋಸ್ಟರಿನ ಭಾವಚಿತ್ರದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಬೆಳಕು. ಅದು ಎಲ್ಲಿಂದ ಬರುತ್ತದೆ, ಯಾವ ಬಣ್ಣದ್ದು, ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬುದು ನಿಂತ ಮೇಲೆ ಮುಖಗಳನ್ನು ಅದರೊಳಗೆ ಕೂರಿಸಬೇಕು. ಈ ಉತ್ತರದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಉಳಿದದ್ದು ಅದರ ವಿವರ.

ಕಲ್ಟ್ ಚಿತ್ರದ ಪೋಸ್ಟರಿಗೆ ಸಾಮಾನ್ಯ ಚಿತ್ರದ ಪೋಸ್ಟರಿಗಿಲ್ಲದ ಒಂದು ಹೊಣೆಯಿದೆ. ಬಿಡುಗಡೆಯಾದಾಗ ಕಡಿಮೆ ಜನ ನೋಡಿದ, ಎಷ್ಟೋ ಸಲ ಸೋತೇ ಹೋದ ಚಿತ್ರಗಳನ್ನು ನ್ಯೂಯಾರ್ಕಿನ ಮಧ್ಯರಾತ್ರಿ ಪ್ರದರ್ಶನಗಳಲ್ಲಿ, ಅನಂತರ ವಿಡಿಯೋ ಕ್ಯಾಸೆಟ್ ಅಂಗಡಿಗಳಲ್ಲಿ, ಅದರಾಚೆ ಬ್ಲೂ-ರೇ ಡಿಸ್ಕುಗಳಲ್ಲಿ ಉಳಿಸಿಕೊಂಡವರು ಅಭಿಮಾನಿಗಳು. 1970ರ ಕೊನೆಯಲ್ಲಿ ನ್ಯೂಯಾರ್ಕಿನ ಎಲ್ಗಿನ್ ಚಿತ್ರಮಂದಿರ ನಡುರಾತ್ರಿಯ ಆಟಗಳನ್ನು ಆರಂಭಿಸಿದಾಗಿನಿಂದ ಈ ಪ್ರೇಕ್ಷಕವರ್ಗ ಬೆಳೆಯುತ್ತ ಬಂದಿದೆ. ಹೊಸ ಚಿತ್ರದ ಪೋಸ್ಟರ್ ಇನ್ನೂ ಚಿತ್ರ ನೋಡದವನನ್ನು ಒಳಗೆ ಕರೆಯಬೇಕು. ಮೂವತ್ತು ನಲವತ್ತು ವರ್ಷಗಳ ಮೇಲೆ ಅದೇ ಚಿತ್ರಕ್ಕೆ ಹೊಸದಾಗಿ ಬರೆಯುವ ಪೋಸ್ಟರ್ ಹೋಗುವುದು ಆ ಚಿತ್ರವನ್ನು ಮತ್ತೆ ಮತ್ತೆ ನೋಡಿ ಬಾಯಿಪಾಠ ಮಾಡಿಕೊಂಡವನ ಮನೆಗೆ. ಅವನಿಗೆ ಪಾತ್ರಗಳ ಪರಿಚಯ ಬೇಕಿಲ್ಲ. ಚಿತ್ರ ನೋಡುವಾಗ ತನಗಾದದ್ದು ಏನೋ ಅದನ್ನೇ ಅವನು ಗೋಡೆಯ ಮೇಲೆ ಹುಡುಕುತ್ತಾನೆ. ಐದು ಮುಖಗಳನ್ನು ಸಾಲಾಗಿ ನಿಲ್ಲಿಸಿದಾಗ ನೀವು ಅವನಿಗೆ ತಾರಾಗಣದ ಪಟ್ಟಿಯನ್ನು ಕೊಟ್ಟಂತಾಯಿತು.

ನೀವು ಆಯ್ದುಕೊಂಡ ಚಿತ್ರವೇ ಇದಕ್ಕೆ ಒಳ್ಳೆಯ ಪಾಠ. ‘ದ ಥಿಂಗ್’ 1982ರ ಜೂನ್ 25ರಂದು ಬಿಡುಗಡೆಯಾಯಿತು. ಎರಡು ವಾರ ಮುಂಚೆ ಬಂದಿದ್ದ ‘ಇ.ಟಿ.’ ಚಿತ್ರದ ಮುದ್ದಾದ ಅನ್ಯಗ್ರಹದ ಜೀವಿಯನ್ನು ಜನ ಎದೆಗವಚಿಕೊಂಡಿದ್ದ ಹೊತ್ತಿನಲ್ಲಿ ಅಂಟಾರ್ಕ್ಟಿಕಾದ ಈ ಕರಾಳ ಕಥೆ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಅದರ ಪೋಸ್ಟರ್ ಬರೆದವರು ಡ್ರೂ ಸ್ಟ್ರೂಜನ್. ಅವರಿಗೆ ಚಿತ್ರವನ್ನು ತೋರಿಸಿರಲಿಲ್ಲ. ಸ್ಟುಡಿಯೋದಿಂದ ಕರೆ ಬಂದ ಮೇಲೆ ಚಳಿಗಾಲದ ಕೋಟು ತೊಟ್ಟು ತಾವೇ ನಿಂತು, ಹೆಂಡತಿಯಿಂದ ಫೋಟೋ ತೆಗೆಸಿಕೊಂಡು, ರಾತ್ರಿಯಿಡೀ ಕುಳಿತು ಬರೆದು ಮರುದಿನ ಬೆಳಿಗ್ಗೆ ಚಿತ್ರವನ್ನು ಒಪ್ಪಿಸಿದರು. ಆ ಪೋಸ್ಟರನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಿ. ಹಿಮದ ನಡುವೆ ಟೋಪಿಯಿರುವ ದಪ್ಪ ಅಂಗಿ ತೊಟ್ಟ ಮನುಷ್ಯ, ಕೈಗಳನ್ನು ಮೈಯಿಂದ ತುಸು ದೂರ ಚಾಚಿ ನಿಂತಿದ್ದಾನೆ. ಮುಖವಿರಬೇಕಾದ ಜಾಗದಿಂದ ಬಿಳಿಯ ಬೆಳಕಿನ ಕಿರಣಗಳು ಚೂರುಚೂರಾಗಿ ಹೊರಗೆ ಚಿಮ್ಮುತ್ತಿವೆ. ಚಿತ್ರದಲ್ಲಿ ಇಂಥ ದೃಶ್ಯವೇ ಇಲ್ಲ. ಆದರೂ ಎದುರಿಗಿರುವವನು ಮನುಷ್ಯನೋ ಮನುಷ್ಯನ ವೇಷ ಹಾಕಿದ ಇನ್ನೇನೋ ಎಂಬ ಆ ಕಥೆಯ ಭಯ ಪೂರ್ತಿಯಾಗಿ ಅಲ್ಲಿದೆ. ಕರ್ಟ್ ರಸೆಲ್ ಅವರಂಥ ನಟ ಇದ್ದೂ ಅವರ ಮುಖವನ್ನು ಬಳಸದ ಪೋಸ್ಟರ್ ಅದು. ಚಿತ್ರ ಸೋತರೂ ಪೋಸ್ಟರ್ ಸೋಲಲಿಲ್ಲ. ಮುಂದೆ ಚಿತ್ರವನ್ನು ಪ್ರೀತಿಸಿದವರೆಲ್ಲರ ಮನಸ್ಸಿನಲ್ಲಿ ಅದರ ಗುರುತಾಗಿ ನಿಂತಿತು.

ಹಾಗೆಂದು ನೀವೂ ಮುಖಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಭಾವಚಿತ್ರವೇ ನಿಮ್ಮ ಬಲ, ಅದನ್ನು ಬಿಟ್ಟು ನಿಮ್ಮ ಪೋಸ್ಟರ್ ನಿಲ್ಲಬಾರದು. ಸ್ಟ್ರೂಜನ್ ಅವರೇ ಬೇರೆ ಪೋಸ್ಟರ್‌ಗಳಲ್ಲಿ ಹತ್ತು ಹನ್ನೆರಡು ಮುಖಗಳನ್ನು ಒಟ್ಟಿಗೆ ಇಟ್ಟವರು. ಆದರೆ ಅಲ್ಲಿ ಆ ಎಲ್ಲ ಮುಖಗಳೂ ಒಂದೇ ಬೆಂಕಿಯ ಸುತ್ತ ಕುಳಿತಂತೆ ಕಾಣುತ್ತವೆ. ಮುಖಗಳ ಅಂಚನ್ನು ಸುತ್ತುವ ಹಿಂಬೆಳಕು ಎಲ್ಲರಿಗೂ ಒಂದೇ ಬಣ್ಣದ್ದು. ಮುಂದಿನ ಬೆಳಕು ಎಲ್ಲರಿಗೂ ಒಂದೇ ಕಡೆಯದು. ನೆರಳಿನ ಜಾಗಗಳು ಒಂದರೊಳಗೊಂದು ಕರಗಿ ಹಿನ್ನೆಲೆಯ ಜೊತೆ ಸೇರಿಕೊಳ್ಳುತ್ತವೆ. ಕತ್ತರಿಸಿ ಅಂಟಿಸಿದಂತೆ ಕಾಣುವುದು ಅಂಚುಗಳಿಂದ. ಪ್ರತಿಯೊಂದು ಮುಖದ ಸುತ್ತಲೂ ಗಟ್ಟಿಯಾದ ಅಂಚು ಇದ್ದರೆ ಕಣ್ಣು ಅದನ್ನು ಬಿಡಿ ವಸ್ತುವೆಂದೇ ಓದುತ್ತದೆ. ಕೆನ್ನೆಯ ನೆರಳು ಪಕ್ಕದ ಮುಖದ ಕೂದಲಿನ ಕಪ್ಪಿನೊಳಗೆ ಗೆರೆಯಿಲ್ಲದೆ ಇಳಿದುಹೋದಾಗ ಎರಡೂ ಒಂದೇ ಚಿತ್ರದ ಭಾಗಗಳಾಗುತ್ತವೆ.

ಮುಖವನ್ನು ಎಷ್ಟು ತೋರಿಸಬೇಕು ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಚಿತ್ರಕ್ಕೆ ಅಮೆರಿಕದಲ್ಲಿ ಪೋಸ್ಟರ್ ಬರೆದ ಮ್ಯಾಥ್ಯೂ ಪೀಕ್, ಹಾಸಿಗೆಯಲ್ಲಿ ಕಣ್ಣು ಅಗಲಿಸಿ ಮಲಗಿರುವ ಹುಡುಗಿಯ ಮುಖವನ್ನು ಮಾತ್ರ ಸ್ಪಷ್ಟವಾಗಿ ಬಿಡಿಸಿದರು. ಮೇಲೆ ಕವಿದಿರುವ ಆಕೃತಿಯಲ್ಲಿ ಚೂಪಾದ ಅಲಗುಗಳ ಕೈ ಇದೆ, ತಲೆಬುರುಡೆಯನ್ನು ಹೋಲುವ ಹೊಗೆಯಂಥ ಮುಖವಿದೆ. ಇಂದು ಜಗತ್ತಿಗೇ ಪರಿಚಿತವಾಗಿರುವ ಆ ಖಳನ ಸುಟ್ಟ ಮುಖದ ಹೋಲಿಕೆ ಅಲ್ಲಿಲ್ಲ. ಹೆದರಿದವಳ ಮುಖಕ್ಕೆ ವಿವರ, ಹೆದರಿಸುವವನಿಗೆ ಆಕಾರ ಮಾತ್ರ ಎಂಬ ಹಂಚಿಕೆಯಿಂದಲೇ ಆ ಪೋಸ್ಟರ್ ಕೆಲಸ ಮಾಡುತ್ತದೆ. 1968ರ ‘ರೋಸ್‌ಮರೀಸ್ ಬೇಬಿ’ ಪೋಸ್ಟರ್ ಫೋಟೋದಿಂದ ಆದದ್ದು, ಆದರೂ ಚಿತ್ರಕಾರರು ಕಲಿಯಬೇಕಾದದ್ದು ಅದರಲ್ಲಿದೆ. ಮಿಯಾ ಫ್ಯಾರೋ ಅವರ ಪಕ್ಕನೋಟದ ಮುಖ ಇಡೀ ಹಾಳೆಯನ್ನು ಹಸಿರಾಗಿ ತುಂಬಿದೆ. ಅದರ ಮುಂದೆ ಬಂಡೆಯ ಮೇಲೆ ಮಗುವಿನ ತಳ್ಳುಗಾಡಿಯೊಂದರ ಕಪ್ಪು ನೆರಳಾಕೃತಿ ಪುಟ್ಟದಾಗಿ ನಿಂತಿದೆ. ಎರಡೇ ವಸ್ತುಗಳು, ಒಂದೇ ಬಣ್ಣ.

ಈಗ ನಿಮ್ಮ ಪೋಸ್ಟರಿಗೆ ಬರೋಣ. ‘ದ ಥಿಂಗ್’ ಚಿತ್ರದ ಛಾಯಾಗ್ರಾಹಕ ಡೀನ್ ಕಂಡಿ ರಾತ್ರಿಯ ಹೊರಾಂಗಣವನ್ನು ತಣ್ಣನೆಯ ನೀಲಿಯಲ್ಲಿ ಅದ್ದಿ, ಅದರ ನಡುವೆ ಪಾತ್ರಗಳ ಕೈಯಲ್ಲಿ ಉರಿಯುವ ಫ್ಲೇರ್‌ಗಳ ಕೆಂಪು ಬೆಳಕನ್ನು ತಂದಿದ್ದಾರೆ. ಚಿತ್ರ ನೋಡಿದವರಿಗೆ ಈ ಎರಡು ಬಣ್ಣಗಳೇ ಸಾಕು, ಹಿಮದ ಚಳಿ ನೆನಪಾಗುತ್ತದೆ. ಆದ್ದರಿಂದ ನಿಮ್ಮ ಐದು ಮುಖಗಳಿಗೂ ಹಿಂದಿನಿಂದ ನೀಲಿಯನ್ನು, ಕೆಳಗೆ ಒಂದು ಮೂಲೆಯಿಂದ ಫ್ಲೇರ್‌ನ ಕೆಂಪನ್ನು ಕೊಡಿ. ಫ್ಲೇರ್ ಹಿಡಿದವನು ಒಬ್ಬನೇ ಇರಲಿ. ಅವನಿಗೆ ಹತ್ತಿರವಿರುವ ಮುಖ ಹೆಚ್ಚು ಕೆಂಪಾಗುತ್ತದೆ, ದೂರ ಹೋದಂತೆ ನೀಲಿ ಗೆಲ್ಲುತ್ತದೆ, ಕೊನೆಯ ಮುಖ ಅರ್ಧಕ್ಕಿಂತ ಹೆಚ್ಚು ಕತ್ತಲೆಯಲ್ಲೇ ಉಳಿಯುತ್ತದೆ. ಯಾರನ್ನು ನಂಬಬೇಕೆಂದು ಯಾರಿಗೂ ಗೊತ್ತಿಲ್ಲದ ಕಥೆಗೆ ಆ ಕತ್ತಲೆಯ ಮುಖ ಬೇಕೇ ಬೇಕು.

ಇಂಥ ಎರಡು ಬಣ್ಣದ ಬೆಳಕಿನಲ್ಲಿ ಅತ್ಯಂತ ಪಳಗಿದವರು ಬ್ರಿಟನ್ನಿನ ಗ್ರಹಾಂ ಹಂಫ್ರೀಸ್ ಎಂಬುದು ನನ್ನ ಅಭಿಪ್ರಾಯ. ಸ್ಯಾಮ್ ರೈಮಿ ನಿರ್ದೇಶನದ ‘ದಿ ಈವಿಲ್ ಡೆಡ್’ 1983ರಲ್ಲಿ ಬ್ರಿಟನ್ನಿಗೆ ಬಂದಾಗ ಪ್ಯಾಲೇಸ್ ಪಿಕ್ಚರ್ಸ್ ಸಂಸ್ಥೆ ಅದನ್ನು ಚಿತ್ರಮಂದಿರಗಳಲ್ಲೂ ವಿಡಿಯೋ ಕ್ಯಾಸೆಟ್‌ನಲ್ಲೂ ಒಟ್ಟಿಗೇ ಬಿಡುಗಡೆ ಮಾಡಿತು. ಅದರ ಪೋಸ್ಟರ್ ಬರೆದ ಹಂಫ್ರೀಸ್ ಆಗಿನ್ನೂ ಇಪ್ಪತ್ತರ ಹರೆಯದವರು. ಭೀಕರ ವಿಡಿಯೋಗಳ ಬಗ್ಗೆ ಅಲ್ಲಿ ಎದ್ದ ಗದ್ದಲದಲ್ಲಿ ಆ ಚಿತ್ರವೂ ಸಿಕ್ಕಿಕೊಂಡಿತು, 1984ರಲ್ಲಿ ವಿಡಿಯೋಗಳಿಗೂ ಪ್ರಮಾಣಪತ್ರ ಕಡ್ಡಾಯ ಮಾಡುವ ಕಾನೂನು ಬಂದಿತು. ಹಂಫ್ರೀಸ್ ಬಳಸುವುದು ಗೌಶ್, ಅಂದರೆ ನೀರಿನಲ್ಲಿ ಕದಡುವ, ಪಾರದರ್ಶಕವಲ್ಲದ ಬಣ್ಣ. ಅವರು ಬರೆದ ಮುಖದಲ್ಲಿ ಮೂಗಿನ ಒಂದು ಪಕ್ಕ ಹಸಿರಾಗಿದ್ದರೆ ಇನ್ನೊಂದು ಪಕ್ಕ ಕಡುಗೆಂಪಾಗಿರಬಹುದು, ಚರ್ಮದ ಸಹಜ ಬಣ್ಣ ಎಲ್ಲೂ ಇಲ್ಲದಿರಬಹುದು. ಆದರೂ ನಟ ಯಾರೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ನಮ್ಮವರಿಗೆ ಇದು ತೀರ ಹೊಸದಾಗಿ ಕಾಣಬೇಕಿಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಸುತ್ತಮುತ್ತಲ ಚಿತ್ರಮಂದಿರಗಳ ಮುಂದೆ ಫ್ಲೆಕ್ಸ್ ಬರುವ ಮುಂಚೆ ನಿಲ್ಲುತ್ತಿದ್ದ ಕೈಯಲ್ಲಿ ಬರೆದ ಬ್ಯಾನರ್‌ಗಳಲ್ಲಿ ನಾಯಕರ ಕೆನ್ನೆ ಗುಲಾಬಿಯೂ ದವಡೆಯ ನೆರಳು ನೀಲಿಯೂ ಆಗಿರುತ್ತಿದ್ದವು, ರಸ್ತೆಯ ಆಚೆ ಬದಿಯಿಂದಲೇ ಮುಖ ಗುರುತು ಸಿಗುತ್ತಿತ್ತು. ಆ ಬ್ಯಾನರ್ ಬರೆಯುತ್ತಿದ್ದ ಕಲಾವಿದರ ಜ್ಞಾನವನ್ನು ನಮ್ಮ ಕಲಾಶಾಲೆಗಳು ಬರೆದಿಟ್ಟುಕೊಳ್ಳಲಿಲ್ಲ ಎಂಬ ನೋವು ನನಗಿದೆ.

ಈ ಬೆಳಕನ್ನು ಊಹೆಯಿಂದ ಬರೆಯಲು ಹೋಗಬೇಡಿ, ಕಟ್ಟಿ ನೋಡಿ. ಕತ್ತಲೆಯ ಕೋಣೆಯಲ್ಲಿ ಎರಡು ಮೇಜುದೀಪಗಳನ್ನು ಇಟ್ಟು, ನಾಟಕದವರು ಬಳಸುವ ಬಣ್ಣದ ಜೆಲಾಟಿನ್ ಹಾಳೆಗಳನ್ನು ಅವುಗಳ ಮುಂದೆ, ಬಿಸಿಗೆ ಸಿಗದಷ್ಟು ದೂರದಲ್ಲಿ ಹಿಡಿದು, ಗೆಳೆಯರೊಬ್ಬರನ್ನು ಕೂರಿಸಿ ಫೋಟೋ ತೆಗೆಯಿರಿ. ಮುಖ ಯಾರದ್ದಾದರೂ ಆಗಲಿ. ನಿಮಗೆ ಬೇಕಾಗಿರುವುದು ಆ ಕೋನದಿಂದ ಬರುವ ಬೆಳಕಿಗೆ ಹಣೆಯ ಯಾವ ಭಾಗ ಸಿಗುತ್ತದೆ, ಕಣ್ಣಿನ ಗುಳಿ ಎಷ್ಟು ಮುಚ್ಚುತ್ತದೆ, ಮೂಗಿನ ನೆರಳು ಮೇಲ್ದುಟಿಯನ್ನು ಎಲ್ಲಿ ಮುಟ್ಟುತ್ತದೆ ಎಂಬ ತಿಳಿವು. ಕೆಳಗಿನಿಂದ ಬೆಳಕು ಬಂದಾಗ ಹುಬ್ಬಿನ ಮೂಳೆಯ ಕೆಳಭಾಗವೂ ಮೂಗಿನ ತಳವೂ ಗದ್ದದ ಕೆಳಗಿನ ಮೈಯೂ ಬೆಳಗುತ್ತವೆ, ನಾವು ದಿನವೂ ನೋಡುವ ಮುಖದ ನೆರಳುಗಳು ತಲೆಕೆಳಗಾಗುತ್ತವೆ; ಹಾರರ್ ಚಿತ್ರಗಳು ಈ ಬೆಳಕನ್ನು ಬಿಡದೆ ಬಳಸುವುದು ಅದಕ್ಕಾಗಿಯೇ. ಆ ಫೋಟೋ ಒಂದು ಪಕ್ಕದಲ್ಲಿರಲಿ, ನಟರ ಸ್ಟಿಲ್‌ಗಳು ಇನ್ನೊಂದು ಪಕ್ಕದಲ್ಲಿರಲಿ. ಮೂಳೆಯ ರಚನೆಯನ್ನು ಸ್ಟಿಲ್‌ನಿಂದ, ಬೆಳಕನ್ನು ನಿಮ್ಮ ಫೋಟೋದಿಂದ ತೆಗೆದುಕೊಳ್ಳಿ.

ಬೆಳಕು ಬದಲಿಸಿದರೆ ಹೋಲಿಕೆ ಹೋಗುತ್ತದೆಯೇ ಎಂಬ ಅಂಜಿಕೆ ಭಾವಚಿತ್ರ ಬರೆಯುವವರೆಲ್ಲರಿಗೂ ಇರುತ್ತದೆ. ಫೋಟೋವನ್ನು ಚೌಕ ಹಾಕಿ ನಕಲು ಮಾಡುವವರಿಗೆ ಖಂಡಿತ ಹೋಗುತ್ತದೆ, ಏಕೆಂದರೆ ಅವರು ನೆರಳಿನ ಗಡಿಗಳನ್ನೇ ಮುಖವೆಂದು ತಿಳಿದಿರುತ್ತಾರೆ. ಹೋಲಿಕೆ ಕೂತಿರುವುದು ದೊಡ್ಡ ಅಳತೆಗಳಲ್ಲಿ. ಕೂದಲಿನ ಅಂಚಿನಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿನ ತಳಕ್ಕೆ, ಅಲ್ಲಿಂದ ಗದ್ದಕ್ಕೆ ಇರುವ ಅಂತರಗಳ ನಡುವಿನ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು. ಎರಡು ಕಣ್ಣುಗಳ ಒಳಮೂಲೆಗಳ ದೂರ, ತುಟಿಗಳು ಸೇರುವ ಗೆರೆ ಎಲ್ಲಿ ಬಾಗುತ್ತದೆ, ದವಡೆ ಎಲ್ಲಿ ತಿರುಗುತ್ತದೆ, ಕತ್ತು ತಲೆಯನ್ನು ಹೇಗೆ ಹೊತ್ತಿದೆ ಎಂಬವು ಇದರ ಜೊತೆಗಿವೆ. ಇವು ಸರಿಯಾಗಿದ್ದರೆ ರೆಪ್ಪೆಗೂದಲು ಒಂದೂ ಇಲ್ಲದೆ ಮುಖ ಗುರುತು ಸಿಗುತ್ತದೆ. ಇವು ತಪ್ಪಿದರೆ ಸಾವಿರ ಕೂದಲು ಬಿಡಿಸಿಯೂ ಪ್ರಯೋಜನವಿಲ್ಲ. ಒಬ್ಬ ನಟನ ಕನಿಷ್ಠ ಏಳೆಂಟು ಸ್ಟಿಲ್‌ಗಳನ್ನು ಬೇರೆ ಬೇರೆ ಕೋನಗಳಲ್ಲಿ ಸಂಗ್ರಹಿಸಿ, ಪ್ರತಿಯೊಂದಕ್ಕೂ ರಬ್ಬರ್ ಮುಟ್ಟದೆ ಚಿಕ್ಕದೊಂದು ಪೆನ್ಸಿಲ್ ರೇಖಾಚಿತ್ರ ಬರೆದುಕೊಳ್ಳಿ. ತಲೆಯನ್ನು ಘನವಸ್ತುವಾಗಿ ಒಮ್ಮೆ ಅರಿತುಕೊಂಡರೆ ಅದನ್ನು ಯಾವ ಬೆಳಕಿನಲ್ಲಿ ಬೇಕಾದರೂ ಇಡಬಹುದು.

ರಚನೆಯ ಕೆಲಸವನ್ನು ಬೆಂಕಿಪೊಟ್ಟಣದಷ್ಟು ಚಿಕ್ಕ ಕರಡುಗಳಲ್ಲಿ ಮುಗಿಸಿ. ಕಪ್ಪು, ಬೂದು, ಬಿಳಿ ಎಂಬ ಮೂರೇ ಛಾಯೆಗಳು ಸಾಕು. ಅಷ್ಟು ಚಿಕ್ಕದರಲ್ಲಿ ಕಣ್ಣು ಮೂಗು ಬರೆಯಲಾಗುವುದಿಲ್ಲವಾದ್ದರಿಂದ ಮನಸ್ಸು ಬೆಳಕಿನ ಹಂಚಿಕೆಯ ಮೇಲೆಯೇ ನಿಲ್ಲುತ್ತದೆ. ಈ ಹಂತದಲ್ಲೇ ಚಿತ್ರದ ಹೆಸರಿಗೂ ಕೆಳಗಿನ ತಾಂತ್ರಿಕವರ್ಗದ ಪಟ್ಟಿಗೂ ಜಾಗ ಮೀಸಲಾಗಬೇಕು. ಬರೆದು ಮುಗಿಸಿದ ಮೇಲೆ ಯಾರದ್ದೋ ಎದೆಯ ಮೇಲೆ ಅಕ್ಷರ ಕೂರಿಸುವುದು ಕಣ್ಣಿಗೆ ಹೊಡೆಯುತ್ತದೆ. ಹಾಳೆಯ ಆಕಾರವೂ ಮುಖ್ಯ. ಅಮೆರಿಕದ ಪೋಸ್ಟರ್ ನಿಂತ ಆಯತ, ಈಗ ಸಾಮಾನ್ಯವಾಗಿ 27 × 40 ಇಂಚು. ಬ್ರಿಟನ್ನಿನ ಕ್ವಾಡ್ ಎಂಬ ಪೋಸ್ಟರ್ ಮಲಗಿದ ಆಯತ, 40 ಇಂಚು ಅಗಲ, 30 ಇಂಚು ಎತ್ತರ. ಸಂಗ್ರಾಹಕರಿಗಾಗಿ ಮಾಡುವ ಸ್ಕ್ರೀನ್ ಪ್ರಿಂಟ್‌ಗಳು ಹೆಚ್ಚಾಗಿ 24 × 36 ಇಂಚಿನವು. ನಿಂತ ಹಾಳೆಯಲ್ಲಿ ಮುಖಗಳನ್ನು ಗೋಪುರದಂತೆ ಏರಿಸುವುದು ಸುಲಭ, ಮಲಗಿದ ಹಾಳೆಯಲ್ಲಿ ಅದೇ ಗೋಪುರದ ಎರಡೂ ಬದಿ ಬರಿದಾಗಿ ನಿಲ್ಲುತ್ತದೆ. ಐದು ಮುಖಗಳಲ್ಲಿ ಒಂದು ಎಲ್ಲಕ್ಕಿಂತ ಗಣನೀಯವಾಗಿ ದೊಡ್ಡದಿರಲಿ, ಎರಡು ಅದರ ಅರ್ಧದಷ್ಟಿರಲಿ, ಉಳಿದವು ಇನ್ನೂ ಚಿಕ್ಕದಿರಲಿ. ನೀವು ಈಗ ಮಾಡಿರುವಂತೆ ಎಲ್ಲವೂ ಒಂದೇ ಗಾತ್ರದಲ್ಲಿದ್ದರೆ ಕಣ್ಣಿಗೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ಪಾತ್ರಗಳು ಎತ್ತ ನೋಡುತ್ತಿವೆ ಎಂಬುದನ್ನೂ ಯೋಚಿಸಿ. ಎಲ್ಲರೂ ನಮ್ಮನ್ನೇ ದಿಟ್ಟಿಸಿದರೆ ಅದು ಪಾಸ್‌ಪೋರ್ಟ್ ಫೋಟೋಗಳ ಸಾಲು. ಒಬ್ಬ ನಮ್ಮನ್ನು ನೋಡಲಿ, ಉಳಿದವರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಳ್ಳಲಿ.

ಸಾಮಗ್ರಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಸ್ಟ್ರೂಜನ್ ಗೆಸ್ಸೊ, ಅಂದರೆ ಬಣ್ಣ ಹಿಡಿಯಲು ಮೊದಲು ಹಚ್ಚುವ ಬಿಳಿಯ ಲೇಪ, ಬಳಿದ ಬೋರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಪೂರ್ಣ ರೇಖಾಚಿತ್ರ ಬರೆದು, ಏರ್‌ಬ್ರಷ್‌ನಿಂದ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಾಯಿಸಿ, ಅದರ ಮೇಲೆ ಕಲರ್ ಪೆನ್ಸಿಲ್‌ಗಳಿಂದ ವಿವರಗಳನ್ನು ಎತ್ತುತ್ತಿದ್ದರು. ಅವರ ಮುಖಗಳ ಮೇಲೆ ಕಾಣುವ ಒರಟು ಗೆರೆಗಳು ಆ ಪೆನ್ಸಿಲ್ಲಿನವು. ನೀವು ಟ್ಯಾಬ್ಲೆಟ್ಟಿನ ಮೇಲೆ ಬರೆಯುವುದಾದರೂ ಕ್ರಮ ಇದೇ ಇರಲಿ: ಮೊದಲು ರೇಖೆ, ಆಮೇಲೆ ಬೆಳಕಿನ ಬಣ್ಣದ ತೆಳುವಾದ ಪದರ ಇಡೀ ಚಿತ್ರದ ಮೇಲೆ, ಕೊನೆಗೆ ವಿವರ. ಒಂದು ಮುಖವನ್ನು ಸಂಪೂರ್ಣ ಮುಗಿಸಿ ಇನ್ನೊಂದಕ್ಕೆ ಹೋಗುವ ಅಭ್ಯಾಸ ನಿಮಗಿದೆಯೆಂದು ಚಿತ್ರವೇ ಹೇಳುತ್ತಿದೆ, ಅದನ್ನು ಬಿಡಬೇಕು.

ಮುದ್ರಣ ಮಾತ್ರ ಮೊದಲಿನಿಂದಲೇ ನೆನಪಿನಲ್ಲಿರಬೇಕಾದ ವಿಷಯ. ಪರದೆಯ ಮೇಲೆ ಹೊಳೆಯುವ ನೇರಳೆ, ಗುಲಾಬಿ, ವಿದ್ಯುತ್ ನೀಲಿ ಬಣ್ಣಗಳು ಆಫ್‌ಸೆಟ್‌ನ ನಾಲ್ಕು ಶಾಯಿಗಳಲ್ಲಿ ಮಂಕಾಗುತ್ತವೆ, ಕಲ್ಟ್ ಪೋಸ್ಟರ್‌ಗಳ ಜೀವವಿರುವುದು ಇಂಥ ಬಣ್ಣಗಳಲ್ಲೇ. ಸಂಗ್ರಾಹಕರ ಲೋಕ ಸ್ಕ್ರೀನ್ ಪ್ರಿಂಟಿಂಗ್ ಕಡೆಗೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಫಿಲ್ಮ್ (ಆ ಬಣ್ಣದ ಭಾಗವಷ್ಟೇ ಇರುವ ಪಾರದರ್ಶಕ ಹಾಳೆ), ಪ್ರತ್ಯೇಕ ಸ್ಕ್ರೀನ್, ಬೇಕಾದ ಬಣ್ಣದ ಶಾಯಿಯನ್ನೇ ಕಲಸಿ ಎಳೆಯಬಹುದು. ಪಾರದರ್ಶಕ ಕೆಂಪನ್ನು ನೀಲಿಯ ಮೇಲೆ ಎಳೆದರೆ ಮೂರನೆಯ, ಗಾಢವಾದ ಬಣ್ಣ ಉಚಿತವಾಗಿ ಸಿಗುತ್ತದೆ. ನಿಮ್ಮ ನೀಲಿ–ಕೆಂಪು ಯೋಜನೆಗೆ ಒಂದು ತಿಳಿನೀಲಿ, ಒಂದು ಕಡುನೀಲಿ, ಒಂದು ಕೆಂಪು, ಕೊನೆಗೆ ಕಪ್ಪು ಎಂದು ನಾಲ್ಕು ಸ್ಕ್ರೀನ್‌ಗಳು ಸಾಕು. ಕಾಗದದ ಬಿಳಿಯೇ ಅತ್ಯಂತ ಪ್ರಖರ ಬೆಳಕಾಗುತ್ತದೆ. ಪಕ್ಕಪಕ್ಕದ ಬಣ್ಣಗಳು ಕೂದಲೆಳೆಯಷ್ಟು ಒಂದರ ಮೇಲೊಂದು ಹಾಯುವಂತೆ ಫಿಲ್ಮ್ ತಯಾರಿಸದಿದ್ದರೆ ಕಾಗದ ಸ್ವಲ್ಪ ಸರಿದರೂ ನಡುವೆ ಬಿಳಿ ಗೆರೆ ಇಣುಕುತ್ತದೆ. ಮದುವೆ ಪತ್ರಿಕೆ, ಟೀ-ಶರ್ಟ್ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟರ್‌ಗಳು ನಿಮ್ಮ ಊರಿನಲ್ಲೂ ಇರುತ್ತಾರೆ. ಅವರ ಅಂಗಡಿಯಲ್ಲಿ ಕೆಲವು ದಿನ ಕುಳಿತು ಕೆಲಸ ನೋಡಿದರೆ ಇದು ಕೈಗೆ ಹತ್ತುತ್ತದೆ.

ಮಾರಬಹುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಹಕ್ಕುಗಳು ಸೇರಿಕೊಂಡಿವೆ. ಚಿತ್ರದ ಮತ್ತು ಅದರ ಸ್ಟಿಲ್ ಫೋಟೋಗಳ ಕೃತಿಸ್ವಾಮ್ಯ ಒಂದು. ನಟರಿಗೆ ತಮ್ಮ ಮುಖದ ವಾಣಿಜ್ಯ ಬಳಕೆಯ ಮೇಲಿರುವ ಹಕ್ಕು ಇನ್ನೊಂದು. ಎರಡನೆಯದರ ಚರಿತ್ರೆಯಲ್ಲಿ ಡ್ರಾಕುಲಾ ಪಾತ್ರಧಾರಿ ಬೆಲಾ ಲುಗೋಸಿ ಅವರ ಹೆಸರು ದೊಡ್ಡದು. ಅವರು 1956ರಲ್ಲಿ ತೀರಿಕೊಂಡರು. ಆ ವೇಷದ ಅವರ ಮುಖವನ್ನು ಯೂನಿವರ್ಸಲ್ ಸ್ಟುಡಿಯೋ ಆಟಿಕೆ ಮುಂತಾದವುಗಳಿಗೆ ಬಳಸಲು ಪರವಾನಗಿ ಕೊಟ್ಟದ್ದನ್ನು ವಾರಸುದಾರರು ಪ್ರಶ್ನಿಸಿದಾಗ, ಈ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ ಎಂದು 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಆ ರಾಜ್ಯ ಕಾನೂನನ್ನೇ ಬದಲಿಸಿತು. ಈಗ ಅಲ್ಲಿ ಮರಣಾನಂತರ 70 ವರ್ಷ ಈ ಹಕ್ಕು ವಾರಸುದಾರರದ್ದು. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲವಾದರೂ ನ್ಯಾಯಾಲಯಗಳು ಈ ಹಕ್ಕನ್ನು ಎತ್ತಿಹಿಡಿಯುತ್ತಿವೆ. ರಜನಿಕಾಂತ್ ಅವರ ಪ್ರಕರಣದಲ್ಲಿ 2015ರಲ್ಲಿ ಮದ್ರಾಸ್ ಹೈಕೋರ್ಟ್, ಅಮಿತಾಭ್ ಬಚ್ಚನ್ ಅವರ ಪ್ರಕರಣದಲ್ಲಿ 2022ರಲ್ಲಿ ಮತ್ತು ಅನಿಲ್ ಕಪೂರ್ ಅವರ ಪ್ರಕರಣದಲ್ಲಿ 2023ರಲ್ಲಿ ದೆಹಲಿ ಹೈಕೋರ್ಟ್ ಇಂಥ ಆದೇಶಗಳನ್ನು ನೀಡಿವೆ. ಆದ್ದರಿಂದ ‘ದ ಥಿಂಗ್’ ಪೋಸ್ಟರನ್ನು ಅಭ್ಯಾಸಕ್ಕೆ ಬರೆಯಿರಿ, ಪರವಾನಗಿಯಿಲ್ಲದೆ ಮಾರಬೇಡಿ. ಅಭಿಮಾನಿಗಳು ಮಾಡುವುದನ್ನು ಯಾರೂ ಕೇಳುವುದಿಲ್ಲ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ನಾಳೆ ಪರವಾನಗಿ ಪಡೆದ ಸಂಸ್ಥೆಯೊಂದರ ಜೊತೆ ಕೆಲಸ ಮಾಡಬೇಕೆಂದಿರುವವರು ಆ ಮಾತಿಗೆ ಬೆಲೆ ಕೊಡಬಾರದು.

ಹಕ್ಕಿನ ತೊಡಕು ಕಡಿಮೆಯಿರುವ ಚಿತ್ರಗಳೂ ಇವೆ. ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಅಮೆರಿಕದಲ್ಲಿ ಯಾರ ಸೊತ್ತೂ ಅಲ್ಲ. ಬಿಡುಗಡೆಗೆ ಮುಂಚೆ ಚಿತ್ರದ ಹೆಸರನ್ನು ಬದಲಿಸಿದಾಗ, ಹೆಸರಿನ ಜೊತೆಗಿದ್ದ ಕೃತಿಸ್ವಾಮ್ಯದ ಸೂಚನೆ ಹೊಸ ಪ್ರತಿಗಳಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟರಿಂದಲೇ ಹಕ್ಕು ಕಳೆದುಹೋಗುತ್ತಿತ್ತು. 1922ರ ‘ನೊಸ್ಫೆರಾಟು’ ಕೂಡ ಅಭ್ಯಾಸಕ್ಕೆ ಅತ್ಯುತ್ತಮ, ಅದರ ಮೂಲ ಪ್ರಚಾರಚಿತ್ರಗಳನ್ನು ಬರೆದ ಆಲ್ಬಿನ್ ಗ್ರೌ ಅವರೇ ಚಿತ್ರದ ಕಲಾ ವಿನ್ಯಾಸವನ್ನೂ ಮಾಡಿದವರು. ಇಂಥ ಚಿತ್ರಗಳಿಗೆ ನಾಲ್ಕೈದು ಪೋಸ್ಟರ್ ಬರೆದು ನಿಮ್ಮ ಪೋರ್ಟ್‌ಫೋಲಿಯೊ ಕಟ್ಟಿಕೊಳ್ಳಿ. ಮುದ್ರಿಸಿ ಮಾರುವ ಮುಂಚೆ, ಮಾರುವ ದೇಶದಲ್ಲಿ ನಟರ ಮುಖದ ಹಕ್ಕು ಯಾರಲ್ಲಿದೆ ಎಂದು ಇಲ್ಲಿಯೂ ವಿಚಾರಿಸಲೇಬೇಕು. ಮುಖವೇ ಇಲ್ಲದೆ ಬರೆಯುವ ದಾರಿಯೂ ಇದೆ. ಎರಡನೇ ಮಹಾಯುದ್ಧದ ನಂತರ ಪೋಲೆಂಡಿನಲ್ಲಿ ಹೆನ್ರಿಕ್ ಟೊಮಾಶೆವ್‌ಸ್ಕಿ, ಯಾನ್ ಲೆನಿತ್ಸಾ ಮೊದಲಾದವರು ತಾರೆಯರ ಮುಖಗಳ ಹಂಗಿಲ್ಲದೆ ರೂಪಕಗಳಿಂದಲೇ ಚಿತ್ರಗಳ ಪೋಸ್ಟರ್ ಬರೆದು ಒಂದು ದೊಡ್ಡ ಪರಂಪರೆಯನ್ನೇ ಕಟ್ಟಿದರು. ಭಾವಚಿತ್ರಕಾರರಾದ ನಿಮಗೆ ಅದು ದೂರದ ದಾರಿಯೆನಿಸಬಹುದು, ಆದರೂ ಅವರ ಕೆಲಸವನ್ನು ನೋಡದೆ ಇರಬೇಡಿ.

ವೃತ್ತಿಯ ಮಾತು. ಸ್ಟುಡಿಯೋಗಳು ಹೊಸ ಚಿತ್ರಗಳಿಗೆ ಕೈಯಲ್ಲಿ ಬರೆಸುವುದು 1990ರ ದಶಕದಿಂದ ಕಡಿಮೆಯಾಗುತ್ತ ಬಂದು ಕಂಪ್ಯೂಟರಿನ ಫೋಟೋ ಜೋಡಣೆ ಆ ಜಾಗಕ್ಕೆ ಬಂದಿತು. ಆದರೆ ಹಳೆಯ ಚಿತ್ರಗಳ ಸುತ್ತ ಬೇರೆ ಮಾರುಕಟ್ಟೆ ಹುಟ್ಟಿತು. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅಲಾಮೊ ಡ್ರಾಫ್ಟ್‌ಹೌಸ್ ಚಿತ್ರಮಂದಿರದ ಟೀ-ಶರ್ಟ್ ಅಂಗಡಿಯಾಗಿ ಆರಂಭವಾದ ಮೊಂಡೊ, ಪರವಾನಗಿ ಪಡೆದು ಹಳೆಯ ಚಿತ್ರಗಳಿಗೆ ಹೊಸ ಪೋಸ್ಟರ್ ಬರೆಸಿ ಸೀಮಿತ ಸಂಖ್ಯೆಯಲ್ಲಿ ಮಾರುವುದನ್ನು ಜನಪ್ರಿಯಗೊಳಿಸಿತು. ಟೈಲರ್ ಸ್ಟೌಟ್ ಅವರ ದಟ್ಟವಾದ ಮುಖಗಳ ಪೋಸ್ಟರ್‌ಗಳು ಹೆಸರಾದದ್ದು ಅಲ್ಲಿಯೇ. ಬ್ರಿಟನ್ನಿನ ಆರೋ ವಿಡಿಯೋ ತನ್ನ ಬ್ಲೂ-ರೇಗಳಿಗೆ ಹೊಸ ಚಿತ್ರ ಬರೆಸಿ, ಹೊದಿಕೆಯ ಒಂದು ಬದಿಗೆ ಅದನ್ನೂ ಹಿಂಬದಿಗೆ ಮೂಲ ಪೋಸ್ಟರನ್ನೂ ಅಚ್ಚು ಹಾಕುತ್ತದೆ. ಹಾರರ್ ಚಿತ್ರಗಳ ಸಂಗೀತವನ್ನು ಎಲ್‌ಪಿ ತಟ್ಟೆಗಳಲ್ಲಿ ಮರುಬಿಡುಗಡೆ ಮಾಡುವ ಸಂಸ್ಥೆಗಳಿಗೂ ಹೊದಿಕೆಯ ಚಿತ್ರ ಬೇಕು, ಚಲನಚಿತ್ರೋತ್ಸವಗಳಿಗೂ ಬೇಕು. ಇವರಿಗೆ ಕಳುಹಿಸುವಾಗ ಹತ್ತಾರು ಬಿಡಿ ಮುಖಗಳ ಬದಲು ಹೆಸರು, ಅಕ್ಷರವಿನ್ಯಾಸ, ಹಾಳೆಯ ಅಳತೆ ಎಲ್ಲವೂ ಕೂಡಿದ ನಾಲ್ಕು ಪೂರ್ಣ ಪೋಸ್ಟರ್‌ಗಳನ್ನು, ಅವುಗಳ ಚಿಕ್ಕ ಕರಡುಗಳ ಸಮೇತ ಕಳುಹಿಸಿ. ಕಲಾ ನಿರ್ದೇಶಕರು ನೋಡುವುದು ನೀವು ಹೇಗೆ ಯೋಚಿಸುತ್ತೀರಿ ಎಂಬುದನ್ನು.

ಕೆಲಸ ಸಿಕ್ಕಿದಾಗ ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳದೆ ಕುಂಚ ಮುಟ್ಟಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ಎಂದರೆ ನೀವು ಸುಮ್ಮನಿದ್ದರೆ ಹಕ್ಕು ಅವರದ್ದು. ಪೋಸ್ಟರಿಗೆ ಮಾತ್ರವೇ, ಟೀ-ಶರ್ಟಿಗೂ ಸೇರಿಯೇ, ಎಷ್ಟು ಪ್ರತಿ, ಎಷ್ಟು ವರ್ಷ, ಯಾವ ದೇಶಗಳಲ್ಲಿ ಎಂಬುದನ್ನು ಬರೆಸಿಕೊಳ್ಳಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ 19ನೇ ಕಲಮು ಎಣಿಸುತ್ತದೆ. ವಿದೇಶದ ಸಂಸ್ಥೆಯ ಕರಾರಿಗೆ ಅವರ ದೇಶದ ಕಾನೂನು ಅನ್ವಯವಾಗುವಂತೆ ಬರೆದಿರುವುದೇ ಹೆಚ್ಚು, ಆ ಸಾಲನ್ನು ವಕೀಲರೊಬ್ಬರಿಗೆ ತೋರಿಸಿ ಸಹಿ ಹಾಕಿ. ಚಿತ್ರದ ಮೇಲೆ ನಿಮ್ಮ ಹೆಸರು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಂತೆ, ಸ್ವಾಮ್ಯ ಮಾರಿದ ಮೇಲೂ ನಿಮ್ಮಲ್ಲೇ ಇರುತ್ತದೆ. ಕಾಗದದ ಮೇಲೆ ಬರೆಯುವುದಾದರೆ ಮೂಲ ಚಿತ್ರ ನಿಮ್ಮ ಬಳಿಯೇ ಉಳಿಯುತ್ತದೆ, ಸಂಸ್ಥೆಗೆ ಹೋಗುವುದು ಸ್ಕ್ಯಾನ್ ಮಾತ್ರ ಎಂಬ ಸಾಲನ್ನೂ ಅದೇ ಕರಾರಿನಲ್ಲಿ ಸೇರಿಸಿ, ಏಕೆಂದರೆ ಸಂಗ್ರಾಹಕರು ಮುಂದೆ ಹುಡುಕಿಕೊಂಡು ಬರುವುದು ಆ ಮೂಲ ಚಿತ್ರವನ್ನೇ.